ಬಾಯಿಲ್ಲದ ಆನೆ

ನಾನು ಒಂದು ಬಟ್ಟೆಯ ಆನೆ. ರವಿಕೆ ಹೊಲಿದು ಉಳಿದ ಚೂರುಗಳಿಂದ ನನ್ನನ್ನು ಮಾಡಿದವರು ಮೈಸೂರಿನ ಪದ್ಮಾವತಜ್ಜಿ. ಒಂದು ಕಿವಿ ಹಸಿರು, ಇನ್ನೊಂದು ಹಳದಿ. "ಸೊಂಡಿಲಿದೆಯಲ್ಲ, ಬಾಯಿ ಯಾಕೆ?" ಎಂದು ಬಾಯಿ ಹೊಲಿಯಲೇ ಇಲ್ಲ. ಅಜ್ಜಿಗೆ ಸೋಮಾರಿತನ, ಇನ್ನೇನು.

ಮೊಮ್ಮಗಳು ಧೃತಿ ನನ್ನನ್ನು ಕಂಕುಳಲ್ಲಿ ಅವುಚಿಕೊಂಡು ಶಿಶುವಿಹಾರಕ್ಕೆ ಹೋಗುತ್ತಿದ್ದಳು. ಅವಳ ಪಕ್ಕ ಕೂರುವವಳು ಸುಮತಿ, ಅಲ್ಲಿನ ಆಯಾ ಸಾಕಮ್ಮನ ಮಗಳು. ಜಾರುಬಂಡೆಯ ಕೆಳಗೆ ಇಬ್ಬರೂ ನನಗೆ ಮಣ್ಣಿನ ಊಟ ಬಡಿಸುತ್ತಿದ್ದರು. ನಾನು ಯಾರ ಆನೆ ಎಂಬ ಮಾತೇ ಎದ್ದಿರಲಿಲ್ಲ.

ಆಮೇಲೆ 'ಕೊಡುವ ಹಬ್ಬ' ಬಂತು. ಮಕ್ಕಳು ದಯೆ ಕಲಿಯಬೇಕು, ತಮಗೆ ಇಷ್ಟವಾದದ್ದನ್ನೇ ಬಡ ಮಕ್ಕಳಿಗೆ ಕೊಡಬೇಕು ಎಂದರು ವೀಣಾ ಮಿಸ್. ಧೃತಿ ಅತ್ತೂ ಅತ್ತೂ ನನ್ನನ್ನೇ ತಂದಳು. ಸುಮತಿ ತನ್ನ ಚಿಟ್ಟೆ ಕ್ಲಿಪ್ಪನ್ನು ಮುಷ್ಟಿಯಲ್ಲಿ ಹಿಡಿದು ಕೊಡುವವರ ಸಾಲಿನಲ್ಲಿ ನಿಂತಿದ್ದಳು.

ಪಡೆಯಲು ಬರಬೇಕಿದ್ದ ಮಕ್ಕಳಲ್ಲಿ ಒಬ್ಬಳು ಬರಲಿಲ್ಲ. ಚಾಪೆಯ ಮೇಲೆ ಒಂದು ಜಾಗ ಖಾಲಿ ಉಳಿಯಿತು. ಫೋಟೋದವನು ಅವಸರ ಮಾಡುತ್ತಿದ್ದ. ಮಿಸ್ ಸುಮತಿಯ ಭುಜ ಹಿಡಿದು, "ಪುಟ್ಟಿ, ನೀನು ಈ ಕಡೆ ಕೂತ್ಕೊ" ಎಂದರು.

"ನಾನೂ ಕೊಡೋಕೆ ತಂದಿದ್ದೀನಿ ಮಿಸ್."

"ಅದು ನೀನೇ ಇಟ್ಕೊ ಚಿನ್ನ. ಧೃತಿ ಕೊಟ್ಟಾಗ ಥ್ಯಾಂಕ್ಸ್ ಅನ್ಬೇಕು, ಆಯ್ತಾ?"

ಬಾಗಿಲಲ್ಲಿ ನಿಂತಿದ್ದ ಸಾಕಮ್ಮ ಒಂದು ಹೆಜ್ಜೆ ಒಳಗಿಟ್ಟು ನಿಂತರು. "ಅನ್ನು ಮಗ" ಎಂದರು ಅಷ್ಟೆ. ಸುಮತಿ ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಿಸ್ ಕೆಟ್ಟವರೇನಲ್ಲ. ನನಗೆ ಹೆಚ್ಚು ಸಿಟ್ಟು ಬರುವುದು ಅದಕ್ಕೇ.

ಹೀಗೆ ನಾನು ಸಾಕಮ್ಮನ ಮನೆ ಸೇರಿದೆ. ಮರುದಿನ ಸಂಜೆ ಅವರು, "ಧೃತಿ ಆನೆನ ಕೇಳ್ತಿತ್ತು ಕಣೇ, ನಾಳೆ ಆಟಕ್ಕೆ ತಗೊಂಡ್ಹೋಗು" ಎಂದರು.

"ಬೇಡ. ನಾನು ಅವಳ ಪಕ್ಕ ಕೂರಲ್ಲ."

ಆಮೇಲೆ ಅವಳು ಕೂರಲೇ ಇಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಸುಮತಿ ನನ್ನನ್ನು ಗೂಡಿನಿಂದ ಇಳಿಸಿ, ಚಿಟ್ಟೆ ಕ್ಲಿಪ್ಪನ್ನು ನನ್ನ ಹಳದಿ ಕಿವಿಗೆ ಸಿಕ್ಕಿಸಿದಳು. "ತಗೋ, ನಾನು ಕೊಟ್ಟೆ. ಥ್ಯಾಂಕ್ಸ್ ಅನ್ನು" ಎಂದಳು. ನನ್ನ ಮುಖವನ್ನೇ ನೋಡುತ್ತಾ ಕಾದಳು. "ಅನ್ನು" ಎಂದು ಮತ್ತೊಮ್ಮೆ ಮೆಲ್ಲಗೆ ಹೇಳಿದಳು. ಕೊನೆಗೆ ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟುಬಿಟ್ಟಳು.

ಈಗ ನಾನು ಮುದುಕ. ಟ್ರಂಕಿನ ಹಿಂದೆ ಬಿದ್ದಿದ್ದೇನೆ. ಹತ್ತಿ ಹೊರಬಂದಿದೆ, ಕ್ಲಿಪ್ಪಿಗೆ ತುಕ್ಕು ಹಿಡಿದಿದೆ. ಆದರೂ ಕಿವಿಯಿಂದ ಅದನ್ನು ಬೀಳಗೊಟ್ಟಿಲ್ಲ. ಆ ಮಗು ಕೊಟ್ಟದ್ದನ್ನು ತೆಗೆದುಕೊಂಡವನು ನಾನೊಬ್ಬನೇ, ಅದನ್ನು ಅವಳಿಗೆ ಹೇಳಲು ಮಾತ್ರ ನನ್ನಿಂದ ಆಗಲಿಲ್ಲ.