ಗಡಿಕಲ್ಲಿನ ಬಳಿ ಅವ್ವ

ಗಡಿಕಲ್ಲಿನ ಮೇಲೆ ಮಂಜು ಇಳಿದರೆ ನಮ್ಮ ಬೆಟ್ಟಕ್ಕೆ ಎರಡು ದೇಶಗಳಿರುವುದೇ ಮರೆತುಹೋಗುತ್ತದೆ. ಕಲ್ಲಿನ ಆಚೆ ಬರ್ಮಾ, ಅವ್ವ ಸೊರಿಂಗ್ಲಾಳ ತವರು. ಈಚೆ ಭಾರತ, ಅವಳು ಸೇರಿದ ಮನೆ. ಎರಡೂ ಕಡೆ ನಾವು ತಾಂಗ್‌ಖುಲ್ ನಾಗರೇ.

ನಾನಿನ್ನೂ ಹುಡುಗಿಯಾಗಿದ್ದ ಒಂದು ವರ್ಷ, ನಮ್ಮವರು ಹೊಲ ಮಾಡಲೆಂದು ಕಾಡಿಗೆ ಹಚ್ಚಿದ ಬೆಂಕಿ ಕಲ್ಲು ದಾಟಿ ಆಚೆಯ ಊರಿನವರ ಕಣಜಗಳನ್ನು ಸುಟ್ಟಿತು. ಅವರು ನಮ್ಮ ಮೂವರನ್ನು ಹಿಡಿದಿಟ್ಟರು. ಆ ಮೂವರಲ್ಲೊಬ್ಬ ನನ್ನ ಅಣ್ಣ ರಾಮ್‌ಥಿಂಗ್. ಎರಡೂ ದೇಶಗಳ ಅಧಿಕಾರಿಗಳು ಬಂದು, ಮೇಜು ಹಾಕಿಸಿ, ಯಾರ ಬಾವುಟ ಎಷ್ಟೆತ್ತರವಿರಬೇಕೆಂದು ನಾಲ್ಕು ದಿನ ಚರ್ಚಿಸಿದರು. ಕೆಲಸವಿಲ್ಲದವರು.

ಐದನೆಯ ದಿನ ಬೆಳಿಗ್ಗೆ ಅವ್ವ ಕಬ್ಬಿಣದ ಕೋಲು ಹಿಡಿದು ಹೊರಟಳು. ನಮ್ಮಲ್ಲಿ, ಹುಟ್ಟಿದ ಊರಿಗೂ ಮದುವೆಯಾಗಿ ಸೇರಿದ ಊರಿಗೂ ನಡುವೆ ಹೆಣ್ಣು ಕೋಲೂರಿ ನಿಂತರೆ ಯಾರೂ ಆಯುಧ ಎತ್ತುವಂತಿಲ್ಲ. ಅವಳೂ ತನಗಾಗಿ ಏನನ್ನೂ ಕೇಳುವಂತಿಲ್ಲ. ಮಂಜಿನೊಳಗೆ ಕೋಲಿನ ಸದ್ದಷ್ಟೇ ನಡೆದುಹೋಗುತ್ತಿತ್ತು. ನಾನು ಅದರ ಹಿಂದೆ ನಿದ್ದೆಯಲ್ಲೆಂಬಂತೆ ನಡೆದೆ.

ಆಚೆಯ ಊರಿನ ಮುಖ್ಯಸ್ಥ ನನ್ನ ಸೋದರಮಾವ ಖಯಾಮಿಂಗ್. ಬಂದೂಕು ನೆಲಕ್ಕಿಟ್ಟು, ಯಾರನ್ನು ಬಿಡಲಿ ಎಂದು ಅವ್ವನನ್ನು ಕೇಳಿದ.

"ಆ ಇಬ್ರನ್ನ ಬಿಡು. ನನ್ನ ಮಗ ಇರ್ಲಿ. ನಿಮ್ಮ ಕಣಜ ಎಲ್ಲಾ ಕಟ್ಟಿಕೊಟ್ಟು ಬರ್ತಾನೆ."

ಹಿಂದಿರುಗುವ ದಾರಿಯುದ್ದಕ್ಕೂ ಅವ್ವನನ್ನು ಬೈದೆ. ಅವಳು ಕೋಲೂರುತ್ತ ಮುಂದೆ ನಡೆದಳು. ಆಮೇಲೆ ಭತ್ತ ತೆನೆಗಟ್ಟುವವರೆಗೂ ದಿನಾ ಗಡಿಕಲ್ಲಿನ ಬಳಿ ಕೂತು ಕಾದಳು. ಕೊನೆಗೊಂದು ದಿನ ಮಂಜಿನಿಂದ ಅಣ್ಣ ಹೊರಬಂದ, ಮಾವ ಕೊಟ್ಟ ಬಿತ್ತನೆ ಭತ್ತ ಹೊತ್ತುಕೊಂಡು.

ಅಧಿಕಾರಿಗಳ ಒಪ್ಪಂದದ ಕಾಗದ ಬಂದಾಗ ಅವ್ವನಿಗೆ ಓದಿ ಹೇಳಿದೆ. 'ಎರಡೂ ಸರ್ಕಾರಗಳ ಸತತ ಪ್ರಯತ್ನದಿಂದ' ಎಂದಿತ್ತು. ಕೆಳಗೆ ಒಂಬತ್ತು ಗಂಡಸರ ಸಹಿ.

"ಸರಿಯಾಗಿ ಹುಡುಕೇ," ಎಂದಳು ಅವ್ವ.

ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಹುಡುಕಿದೆ. ಅವಳ ಹೆಸರು ಇರಲಿಲ್ಲ. ಆ ದಿನದ ಅವಳ ಮುಖ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ.

ನಾನೂ ಕಲ್ಲು ದಾಟಿ, ಆಚೆಯ ಊರಿಗೆ ಮದುವೆಯಾಗಿ ಹೋದೆ. ಈ ವರ್ಷ ಹಳ್ಳದ ನೀರಿಗಾಗಿ ಎರಡೂ ಊರುಗಳ ನಡುವೆ ಜಗಳವೆದ್ದು ಮತ್ತೆ ಮೇಜು, ಮತ್ತೆ ಬಾವುಟ. ಅಧಿಕಾರಿಯೊಬ್ಬ ನಮ್ಮ ಮನೆಗೇ ಬಂದು, ಆ ಕೋಲಿನ ಮುದುಕಿ ಇದ್ದಾಳೆಯೇ ಎಂದು ವಿಚಾರಿಸಿದ. ಅವ್ವ ತೀರಿಕೊಂಡು ವರ್ಷವಾಗಿತ್ತು. ಕೋಲು ನನ್ನ ಮನೆಯ ಗೋಡೆಗೆ ಒರಗಿತ್ತು. ಅದನ್ನು ಮುಟ್ಟಿದ ಮೇಲೆ ನನಗಾಗಿ ಏನನ್ನೂ ಕೇಳುವಂತಿಲ್ಲ.

ಹಾಗಾಗಿ ಮುಟ್ಟುವ ಮೊದಲೇ ಹೇಳಿದೆ: "ಆ ಹಳೇ ಕಾಗದ ತರಿಸಿ. ಅದರಲ್ಲಿ ಅವ್ವನ ಹೆಸರು ಸೊರಿಂಗ್ಲಾ ಅಂತ ಬರೀರಿ. ಆಮೇಲೆ ಕೋಲು ಹಿಡ್ಕೊಂಡು ಬರ್ತೀನಿ."