ಎಂಟು ಗಂಟೆಯ ಅತಿಥಿ

ಎಂಟಕ್ಕೆ ಇನ್ನೂ ಎರಡು ನಿಮಿಷ ಇರುವಾಗಲೇ ಅವನು ಟೀವಿ ಹಾಕಿ, ಸಣ್ಣ ರಿಮೋಟನ್ನು ಕೈಗೆತ್ತಿಕೊಂಡು ತನ್ನ ಒಂದನೇ ಗುಂಡಿ ಒತ್ತಿದ. ಟೀವಿ ಪಕ್ಕದ ಕಪ್ಪು ಡಬ್ಬಿಯಲ್ಲಿ ಕೆಂಪು ದೀಪ ಹೋಗಿ ಹಸಿರು ಬಂತು. ಆಮೇಲೆ, ಕದ ಹಾಕಿದ್ದೇನೆಯೇ ಎಂದು ಒಮ್ಮೆ ತಿರುಗಿ ನೋಡಿ, ‘ಅತಿಥಿ’ ಎಂದಿದ್ದ ಗುಂಡಿ ಒತ್ತಿದ. ಗಂಡೋ ಹೆಣ್ಣೋ ಎಂದು ಡಬ್ಬಿ ಕೇಳಿತು. ಹೆಣ್ಣು. ವಯಸ್ಸು? ಅರವತ್ತಾರು. ಎರಡನೇ ಹಸಿರು ದೀಪವೂ ಹತ್ತಿತು. ಪಕ್ಕದ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಅದರ ಮೇಲಿದ್ದ ಹಳೇ ಪೇಪರಿನ ರಾಶಿಯನ್ನು ಮಾತ್ರ ನೆಲಕ್ಕಿಳಿಸಿದ್ದ. ಅಷ್ಟಾದರೂ ಮರ್ಯಾದೆ ಬೇಡವೇ!

ಸುತ್ತಲಿನ ಅಂಗಡಿಯವರೆಲ್ಲ ಅವನನ್ನು ತಕ್ಕಡಿಯಣ್ಣ ಅಂತಲೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷದಿಂದ ತಕ್ಕಡಿ ರಿಪೇರಿ ಬಿಟ್ಟು ಬೇರೆ ಕೆಲಸ ಮಾಡಿದವನಲ್ಲ. ಮುಳ್ಳು ಕೂದಲೆಳೆಯಷ್ಟು ವಾಲಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ‘ಸ್ವಲ್ಪ ನಮ್ಮ ಕಡೆ ಇರಲಿ ಅಣ್ಣ’ ಎಂದು ಹಲ್ಲುಗಿಂಜಿದ ಅಂಗಡಿಯವರನ್ನು ಮೆಟ್ಟಿಲು ಇಳಿಸಿ ಕಳಿಸಿದ್ದ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, ತೂಗಿ ನೋಡಿ ನೋಡಿ ಹೊತ್ತು ಮೀರಿತು ಅನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು, ಅವನೂ ನಗುತ್ತಿದ್ದ, ಆಮೇಲೆ ಮನೆಗೆ ಬಂದು ಒಬ್ಬನೇ ಉಣ್ಣುತ್ತಿದ್ದ.

ಆ ಡಬ್ಬಿ ಬಂದದ್ದು ಹೋದ ವರ್ಷ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಎಂದು ಅಳೆಯುವ ಕಂಪನಿಯಿಂದ ಒಬ್ಬ ಹೆಂಗಸು ಬಂದಿದ್ದಳು. ಕೈಯಲ್ಲಿ ಫಾರಮ್ಮು, ಹೆಗಲಲ್ಲಿ ಚೀಲ. ಸಾವಿರಾರು ಮನೆಗಳಲ್ಲಿ ಒಂದನ್ನು ಆರಿಸಿ ಡಬ್ಬಿ ಇಡುತ್ತೇವೆ, ಟೀವಿಯ ದನಿಯೊಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಇರುತ್ತೆ, ಅದನ್ನು ಹಿಡಿದು ಇದು ಯಾವ ಚಾನೆಲ್ ಅಂತ ತಿಳಿದುಕೊಳ್ಳುತ್ತೆ, ಯಾರು ನೋಡುತ್ತಿದ್ದಾರೆ ಅನ್ನೋದನ್ನು ಮಾತ್ರ ನೀವೇ ಗುಂಡಿ ಒತ್ತಿ ಹೇಳಬೇಕು ಎಂದು ವಿವರಿಸಿದಳು. ಅವನಿಗೆ ಸಲೀಸಾಗಿ ಅರ್ಥವಾಯಿತು. ಅನ್ನ ಬೆಂದಿದೆಯೇ ಅಂತ ನೋಡಲು ಒಂದು ಅಗುಳು ಹಿಚುಕುತ್ತೇವಲ್ಲ, ಹಾಗೆ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಳು. ಒಬ್ಬ, ಎಂದ. ರಿಮೋಟಿನಲ್ಲಿ ಎಂಟು ಮಂದಿಗೆ ಎಂಟು ಗುಂಡಿ ಇತ್ತು. ಅವಳು ಒಂದನೆಯದರ ಮೇಲೆ ಚೀಟಿ ಅಂಟಿಸಿ, ಉಳಿದ ಏಳನ್ನು ಹಾಗೇ ಬಿಟ್ಟಳು. ಡಬ್ಬಿಯ ವಿಷಯ ಯಾರಿಗೂ ಹೇಳಬಾರದು, ಮನೆಯವರನ್ನು ಬಿಟ್ಟು ಯಾರಿಗೂ, ಎಂದು ಎರಡೆರಡು ಸಲ ಹೇಳಿದಳು. ಹೇಳೋಕೆ ಯಾರಿದ್ದಾರೆ ಎಂದು ಅವನು ಸಹಿ ಹಾಕಿದ.

ಇದ್ದದ್ದು ಒಬ್ಬಳು, ಅಕ್ಕನ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ, ಗಂಡನ ಮನೆ ತಾಯಿಯ ಬೀದಿಯ ಕೊನೆಗೆ. ಗುರುವಾರ ಗುರುವಾರ ಕೆಲಸ ಮುಗಿಸಿ ಮಾಮನ ಅಂಗಡಿಗೆ ಬಂದು, ಕಾಲುಮಣೆ ಎಳೆದುಕೊಂಡು ಕೂತು, ಫೋನು ತೆಗೆಯುತ್ತಿದ್ದಳು. ಗುರುವಾರವೇ ಯಾಕೆಂದರೆ ಅಂದು ಧಾರಾವಾಹಿಗಳ ಅಂಕಿ ಹೊರಬೀಳುತ್ತಿತ್ತು. ಅವಳ ಅಭಿಮಾನಿ ಬಳಗದಲ್ಲಿ ನಾಲ್ಕು ಸಾವಿರ ಜನ. ಯಾರೂ ಯಾರ ಮುಖವನ್ನೂ ಕಂಡವರಲ್ಲ. ಅಂಕಿ ಪಾಯಿಂಟು ಎರಡು ಏರಿದರೆ ಹಬ್ಬ, ಇಳಿದರೆ ಸೂತಕ. ಅವರದು ಬೇಕರಿ ನಡೆಸುವ ಅಕ್ಕತಂಗಿಯರ ಕಥೆ. ಎದುರಿನ ಚಾನೆಲಿನಲ್ಲಿ ಅದೇ ಎಂಟಕ್ಕೆ ನೆನಪು ಕಳೆದುಕೊಂಡ ಸೊಸೆಯೊಬ್ಬಳು ಇದ್ದಳು, ಅವಳಿಗೆ ನೆನಪು ಬಂದರೆ ನಮ್ಮ ಗತಿ ಮುಗಿಯಿತು ಎಂದು ಈ ಕಡೆಯವರಿಗೆ ಪುಕುಪುಕು.

ಇದೆಂಥ ಹುಚ್ಚು ಎಂದು ಒಂದು ದಿನ ಕೇಳಿಯೇ ಬಿಟ್ಟ. ಅವಳಿಗೆ ಸಿಟ್ಟು ಬರಲಿಲ್ಲ.

“ಅಂಕಿ ಬಿದ್ರೆ ಮೊದಲು ಸಂಜೆ ಐದಕ್ಕೆ ತಳ್ತಾರೆ ಮಾಮ. ಆಮೇಲೆ ಒಂದೇ ವಾರದಲ್ಲಿ ಎಲ್ಲರಿಗೂ ಮದುವೆ ಮಾಡಿಸಿ ಮುಗಿಸಿಬಿಡ್ತಾರೆ. ನಂಗಾದ್ರೆ ಇನ್ನೊಂದು ಸಿಗುತ್ತೆ. ಅಮ್ಮ ಎಂಟು ಗಂಟೆಗೆ ಏನು ಮಾಡ್ಬೇಕು? ಇಡೀ ದಿನದಲ್ಲಿ ಅವಳು ನಗೋದು ಆ ಅರ್ಧ ಗಂಟೆ.”

ಅವನು ಕೈಯಲ್ಲಿದ್ದ ತಟ್ಟೆಯನ್ನು ಉಜ್ಜುತ್ತಲೇ ಇದ್ದ. ಯಾರ ಮನೇಲಿದೆಯೋ ಆ ದರಿದ್ರ ಡಬ್ಬಿ, ಒಂದು ಮನೆ ಸಿಕ್ಕರೂ ಹೋಗಿ ಕಾಲಿಗೆ ಬೀಳುತ್ತಿದ್ದೆ ಎಂದು ಅವಳು ಗೊಣಗಿದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ತನ್ನ ಪಾದ ಹಿಂದಕ್ಕೆಳೆದುಕೊಂಡ. ಅಂದು ರಾತ್ರಿಯೇ ಮೊದಲ ಸಲ ಅತಿಥಿಯ ಗುಂಡಿ ಒತ್ತಿದ್ದು.

ಅಕ್ಕ ಅವನ ಜತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಭಾವನದು ದಿನಸಿ ಅಂಗಡಿ. ಒಳಗೆ ಮನೆ, ಹೊರಗೆ ಗಲ್ಲಾ. ಒಂದು ಬೆಳಿಗ್ಗೆ, ಗಿರಾಕಿಗಳು ನಿಂತಿರುವಾಗಲೇ, ರಿಪೇರಿಗೆಂದು ತಕ್ಕಡಿಯ ತಟ್ಟೆ ಮಗುಚಿದ ಅವನ ಕೈಗೆ, ತೂಕ ಹೆಚ್ಚು ತೋರಲೆಂದು ಅಡಿಗೆ ಅಂಟಿಸಿದ್ದ ಹೆಬ್ಬೆರಳಿನ ಉಗುರಿನಷ್ಟು ಮೇಣ ಸಿಕ್ಕಿತು. ಮೆಲ್ಲಗೆ ಕೆರೆದು ಜೇಬಿಗೆ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು. ಇವನೋ, ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಇದು ಯಾರ ಕೆಲಸ ಭಾವ ಎಂದು ಕೇಳಿದ. ಭಾವ ಒಮ್ಮೆ ಒಳಮನೆಯ ಬಾಗಿಲ ಕಡೆ ನೋಡಿ ತಲೆ ತಗ್ಗಿಸಿದರು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು. ಎರಡು ವರ್ಷಕ್ಕೆ ಬಾಗಿಲು ಮುಚ್ಚಿತು, ಮೂರನೇ ವರ್ಷಕ್ಕೆ ಭಾವನೂ ಹೋದರು. ಅಂದು ಹೋಗಿ ನಿಂತರೆ ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ತಾಯಿ ಹೋದ ಮೇಲೆ ಅವನಿಗೆ ತಲೆ ಬಾಚಿ ಶಾಲೆಗೆ ಕಳಿಸಿದ್ದವಳು ಅವಳೇ. ತಪ್ಪು ತೂಕ ತಪ್ಪೇ ತಾನೇ ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದ. ಹೇಳಿಕೊಂಡರೆ ಮನೆ ತುಂಬುತ್ತದೆಯೇ?

ಹೀಗೆ ಏಳು ತಿಂಗಳು, ಡಬ್ಬಿಯ ಲೆಕ್ಕದಲ್ಲಿ, ಅಕ್ಕ ದಿನವೂ ಎಂಟಕ್ಕೆ ಅವನ ಮನೆಗೆ ಬಂದಳು, ಎಂಟೂವರೆಗೆ ಹೋದಳು. ಬರಬರುತ್ತಾ ಅವನಿಗೆ ಬೇಕರಿಯ ಕಥೆಯೂ ಹಿಡಿಸಿತು. ಒಂದು ಕೆನ್ನೆಗೆ ಬಿದ್ದ ಏಟನ್ನು ಮೂರು ದಿನ ಐದು ಕಡೆಯಿಂದ ತೋರಿಸಿದಾಗ, ನೋಡಿದೆಯಾ ಅಕ್ಕ, ಎಂದು ಖಾಲಿ ಕುರ್ಚಿಗೆ ಹೇಳಿ ತಾನೇ ಬೆಚ್ಚಿದ್ದ.

ಆಮೇಲೆ ಕಂಪನಿಯ ಆ ಹೆಂಗಸು ಮತ್ತೆ ಬಂದಳು. ಚೀಲ ಇಳಿಸಿ, ಡಬ್ಬಿಯ ತಂತಿಗಳನ್ನೆಲ್ಲ ನೋಡಿ, ಕೊಟ್ಟ ಚಹಾ ಕುಡಿದು, ನಿಧಾನವಾಗಿ ವಿಷಯಕ್ಕೆ ಬಂದಳು. ನಿಮ್ಮ ಮನೆಗೆ ದಿನಾ ಒಬ್ಬರು ಅತಿಥಿ ಬರ್ತಾರೆ, ಒಂದು ದಿನವೂ ತಪ್ಪಿಲ್ಲ, ಒಂದು ನಿಮಿಷವೂ ತಡ ಆಗಿಲ್ಲ, ಹಾಗಾಗಿ ವಿಚಾರಿಸಿ ಬಾ ಅಂದಿದ್ದಾರೆ ಎಂದಳು. ಮನುಷ್ಯರು ಅಷ್ಟು ಕರೆಕ್ಟಾಗಿ ಬರಲ್ಲ ಸರ್, ಎಂದು ನಕ್ಕಳು.

ಅವನಿಗೆ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಪಕ್ಕದ ಬೀದಿಯವಳು, ಮನೆಯಲ್ಲಿ ಟೀವಿ ಇಲ್ಲ, ಅನ್ನಬಹುದಿತ್ತು. ಅವಳ ಮುಂದಿದ್ದ ಫಾರಮ್ಮಿನಲ್ಲಿ ಬರೆಯಲು ಒಂದು ಖಾಲಿ ಸಾಲಿತ್ತು, ಪೆನ್ನಿನ ಮುಚ್ಚಳ ತೆಗೆದಾಗಿತ್ತು. ತಟ್ಟೆ ಮಗುಚಿ ನೋಡುವವನ ಮುಂದೆ ನಿಂತ ಅಂಗಡಿಯವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅನ್ನುವುದು ಅವನಿಗೆ ಅರವತ್ತೊಂದನೇ ವಯಸ್ಸಿನಲ್ಲಿ ತಿಳಿಯಿತು.

“ನಮ್ಮಕ್ಕ ಅದು,” ಎಂದ. “ಬರಲ್ಲ. ಹನ್ನೊಂದು ವರ್ಷದಿಂದ ಬಂದಿಲ್ಲ.”

ಹೆಂಗಸು ಮುಚ್ಚಳ ಹಾಕಿದಳು. ಯಾರಾದರೂ ಹೇಳಿಕೊಟ್ಟರೇ, ಏನಾದರೂ ಆಸೆ ತೋರಿಸಿದರೇ ಎಂದು ಕೇಳಬೇಕಾದ್ದನ್ನು ಕೇಳಿದಳು. ಇಲ್ಲ ಎಂದ. ಆ ಧಾರಾವಾಹಿ ನಿಲ್ಲದಿರಲಿ ಅಂತ, ಎಂದ. ಅವಳು ಖಾಲಿ ಕುರ್ಚಿಯನ್ನೂ ನೆಲದ ಮೇಲಿನ ಪೇಪರಿನ ರಾಶಿಯನ್ನೂ ನೋಡಿದಳು. ಒಂದು ಮನೆಯಿಂದ ಯಾವುದೂ ಉಳಿಯಲ್ಲ, ಮುಳುಗಲ್ಲ ಸರ್, ಆದರೆ ಡಬ್ಬಿ ತೆಗೆಯಲೇಬೇಕು ಎಂದಳು. ತೆಗೀರಿ, ನಾನಾಗಿದ್ದರೂ ತೆಗೆಯುತ್ತಿದ್ದೆ ಎಂದು ಅವನೇ ಸ್ಕ್ರೂ ಡ್ರೈವರ್ ತಂದುಕೊಟ್ಟ. ಹೋಗುವಾಗ ಬಾಗಿಲಲ್ಲಿ ನಿಂತು ಅವಳು ಒಂದು ಮಾತು ಹೇಳಿದಳು, ಕೆಲಸಕ್ಕೆ ಸೇರದ ಮಾತು.

“ನಿಜವಾಗಿ ಕರೆದಿದ್ರೆ ಬರ್ತಿದ್ರೇನೋ.”

ಟೀವಿ ಪಕ್ಕದಲ್ಲಿ ಡಬ್ಬಿಯಗಲದ ಜಾಗ ಧೂಳಿಲ್ಲದೆ ಉಳಿಯಿತು. ಅವನು ಅದನ್ನು ಒರೆಸಲಿಲ್ಲ. ಎರಡು ವಾರ ಎಂಟಕ್ಕೆ ಟೀವಿ ಹಾಕಿದಾಗಲೆಲ್ಲ ಬೆರಳು ಸುಮ್ಮನೆ ಕುರ್ಚಿಯ ಕೈ ಮೇಲೆ ತಡಕಾಡುತ್ತಿತ್ತು. ಮೂರನೇ ಗುರುವಾರ ಅಕ್ಕನ ಮಗಳು ಬಂದವಳು ಕಾಲುಮಣೆ ಎಳೆಯಲಿಲ್ಲ. ನಿಂತೇ ಹೇಳಿದಳು. ಎದುರಿನ ಸೊಸೆಗೆ ನೆನಪು ಬಂದು ಇವರ ಅಂಕಿ ಬಿದ್ದಿತ್ತು, ಐದಕ್ಕೂ ತಳ್ಳದೆ ನಾಳೆಯೇ ಬೇಕರಿಯ ಕೊನೇ ಕಂತು. ಅಮ್ಮನಿಗೆ ಇನ್ನೂ ಹೇಳಿಲ್ಲ, ನಾಳೆ ನನಗೆ ಅಂಗಡಿ ಬಿಡುವುದೇ ಒಂಬತ್ತಕ್ಕೆ, ಪಾಪ ಒಬ್ಬಳೇ ಕೂತು ನೋಡುತ್ತಾಳೆ ಎಂದಳು.

ಶುಕ್ರವಾರ ಎಂಟಕ್ಕೆ ಎರಡು ನಿಮಿಷ ಇರುವಾಗ ಅವನು ಅಕ್ಕನ ನಂಬರು ಒತ್ತಿದ. ಬರೆದಿಟ್ಟುಕೊಂಡಿರಲಿಲ್ಲ, ಮರೆತೂ ಇರಲಿಲ್ಲ. ಆರು ಸಲ ಬಡಿದುಕೊಂಡ ಮೇಲೆ ಆ ಕಡೆಯಿಂದ ದನಿ ಬಂತು, ಯಾರು ಎಂದು. ಮುದಿಯಾಗಿತ್ತು ದನಿ.

“ನಾನು ಅಕ್ಕ. ಇವತ್ತು ಕೊನೇ ಕಂತಂತೆ. ಒಬ್ಬಳೇ ನೋಡ್ತೀಯಲ್ಲ ಅಂತ.”

ಫೋನು ಇಟ್ಟ ಸದ್ದು ಬರಲಿಲ್ಲ. ಗಡಿಯಾರ ನೋಡುತ್ತಾ ನಿಂತ. ಕಡೆಗೆ ಅಕ್ಕ, ಶುರುವಾಯ್ತು, ಈಗ ಮಾತಾಡಬೇಡ ಎಂದಳು. ಅವನು ಫೋನಿನ ಸ್ಪೀಕರ್ ಹಾಕಿ, ಪಕ್ಕದ ಕುರ್ಚಿಗೆ ಮತ್ತೆ ಏರಿದ್ದ ಪೇಪರುಗಳನ್ನು ನೆಲಕ್ಕಿಳಿಸಿ, ಫೋನನ್ನು ಅದರ ಮೇಲಿಟ್ಟ. ಅವಳ ಟೀವಿಯ ಮಾತು ಇವನ ಟೀವಿಯ ಹಿಂದೆ ಹಿಂದೆಯೇ, ಅರೆಗಳಿಗೆ ತಡವಾಗಿ ಬರುತ್ತಿತ್ತು. ತೆರೆಯ ಮೇಲೆ ಬೇಕರಿಯ ತಂಗಿ ಸಕ್ಕರೆ ಚೆಲ್ಲಿಕೊಂಡು ಜಾರಿ ಬಿದ್ದಾಗ ಕುರ್ಚಿಯಿಂದ ಒಂದು ಸಣ್ಣ ನಗು ಕೇಳಿಸಿತು. ಅವನೂ ನಕ್ಕ.

ಜಾಹೀರಾತು ಬಂತು. ಸೋಪು, ಸೊಳ್ಳೆಬತ್ತಿ, ಮತ್ತೆ ಸೋಪು.

“ಮೇಣ ಅಂಟಿಸಿದ್ದು ನಾನು ಕಣೋ,” ಎಂದಳು ಅಕ್ಕ.

ಅವನು ಫೋನಿನ ಕಡೆ ಬಾಗಿದ.

“ಅವರಿಗೆ ಗೊತ್ತೇ ಇರ್ಲಿಲ್ಲ. ನೀನು ಕೈ ಎತ್ತಿ ಹಿಡಿದಾಗಲೇ ಗೊತ್ತಾಗಿದ್ದು. ನಾನು ಒಳಗೆ ಬಾಗಿಲ ಹಿಂದೆ ನಿಂತಿದ್ದೆ. ಅವರು ಸಾಯೋವರೆಗೂ ಬಾಯಿ ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ. ನಿನಗೆ ಯಾವ ಮುಖ ತೋರಿಸ್ಲಿ ಹೇಳು.”

ಭಾವ ಒಳಮನೆಯ ಕಡೆ ನೋಡಿ ತಲೆ ತಗ್ಗಿಸಿದ್ದು ಅವನ ಕಣ್ಣಿಗೆ ಕಟ್ಟಿತು. ಆ ಮನುಷ್ಯನ ನೆತ್ತಿಯ ಬಿಳಿಗೂದಲು ಕೂಡ ಕಂಡಿತು.

“ನಾನೂ ಅಂಟಿಸಿದೆ ಅಕ್ಕ,” ಎಂದ ಕಡೆಗೆ. “ಏಳು ತಿಂಗಳು. ನಿನಗೋಸ್ಕರ.”

“ಏನು?”

“ಈ ಟೀವಿ ಹತ್ರ ಒಂದು ಡಬ್ಬಿ—”

“ಶ್,” ಎಂದಳು ಅಕ್ಕ, “ಶುರುವಾಯ್ತು. ಆಮೇಲೆ ಹೇಳುವಿಯಂತೆ.”

ಬೇಕರಿಯವರು ಎಲ್ಲರೂ ಸಾಲಾಗಿ ನಿಂತು ನಗುತ್ತಿದ್ದರು, ಯಾರೋ ಅಂಗಡಿಯ ದೀಪ ಆರಿಸಿದರು, ಹೆಸರುಗಳು ಮೇಲಕ್ಕೆ ಹೋಗತೊಡಗಿದವು. ಅವನ ಟೀವಿಯ ಹಾಡು ಮುಗಿಯಿತು. ಪಕ್ಕದ ಕುರ್ಚಿಯಲ್ಲಿ ಆ ಹಾಡು ಇನ್ನೂ ಅರೆಗಳಿಗೆ ಇತ್ತು.