ದಾರಿಯ ಗ್ಲಾಸು

ವಿಸ್ಕಾನ್ಸಿನ್‌ನ ಆ ಮನೆಯಲ್ಲಿ ಭಾನುವಾರದ ಊಟಕ್ಕೆ ಬಂದವರು ಕೊನೆಯದೊಂದು ಬ್ರಾಂದಿ ಕುಡಿಯದೆ ಹೊರಡುವಂತಿರಲಿಲ್ಲ. ಕೋಟು ತೊಟ್ಟು ನಿಂತವರ ಕೈಗೆ ಹಿರಿಯ ಕಾಸಿಮಿರ್ ತಾವೇ ಅದನ್ನು ಕೊಡುತ್ತಿದ್ದರು. ‘ದಾರಿಯ ಗ್ಲಾಸು’ ಎಂದೇ ಅದಕ್ಕೆ ಹೆಸರು. ಬೇಡವೆಂದರೆ ಅವರಿಗೆ ಅವಮಾನ.

ಮಗಳು ಡೊರೀನ್ ಪೊಲೀಸರು ಕಳಿಸುವ ರಕ್ತದಲ್ಲಿ ಮದ್ಯ ಎಷ್ಟಿದೆಯೆಂದು ಪ್ರಯೋಗಾಲಯದಲ್ಲಿ ಅಳೆಯುವವಳು. ಕುಡಿದವರ ಕೈಗೆ ಮತ್ತೆ ಗ್ಲಾಸು ಕೊಟ್ಟು ಗಾಡಿ ಹತ್ತಿಸಬೇಡ ಎಂದು ಅಪ್ಪನಿಗೆ ಹದಿನೆಂಟು ವರ್ಷ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

ಆ ಭಾನುವಾರ ತಮ್ಮ ಎಮಿಲ್ ಆಗಲೇ ಐದು ಗ್ಲಾಸು ಮುಗಿಸಿದ್ದ.

“ಸಾಕಪ್ಪ, ಇವನು ಗಾಡಿ ಓಡಿಸ್ಬೇಕು,” ಎಂದು ಡೊರೀನ್ ದಾರಿಯ ಗ್ಲಾಸು ಹಿಡಿದು ಬಂದ ಅಪ್ಪನನ್ನು ತಡೆದಳು.

“ಕಾಫಿ ಕುಡ್ಸಿದೀನಲ್ಲೇ! ಹೊಟ್ಟೆ ತುಂಬ ತಿಂದೂ ಇದಾನೆ.”

“ಕಾಫಿಯಿಂದ ನಿದ್ದೆ ಹೋಗುತ್ತೆ, ಅಮಲು ಹೋಗಲ್ಲ. ಲಿವರ್ರು ಗಂಟೆಗೆ ಹೆಚ್ಚೂ ಕಡಿಮೆ ಒಂದು ಗ್ಲಾಸು ಅರಗಿಸುತ್ತೆ. ನಾವು ಅವಸರ ಮಾಡಿದ್ರೆ ಅದು ಕೇಳಲ್ಲ.”

“ಭಾನುವಾರನೂ ಲ್ಯಾಬು ತೆರೆದಿಟ್ಟಿದೀಯಾ ಅಕ್ಕ?” ಎನ್ನುತ್ತ ಎಮಿಲ್ ಒಂದೇ ಗುಟುಕಿಗೆ ಗ್ಲಾಸು ಬರಿದು ಮಾಡಿ ಹೊರಟ.

ಎರಡು ಮೈಲಿಯಾಚೆ ಅವನ ಗಾಡಿ ಸೇತುವೆಯ ಗೋಡೆಗೆ ಬಡಿಯಿತು.

ಸತ್ತ ತಮ್ಮನ ರಕ್ತವನ್ನು ನಿಯಮದ ಪ್ರಕಾರ ಡೊರೀನ್ ಮುಟ್ಟುವಂತಿರಲಿಲ್ಲ, ಬೇರೆಯವರು ಪರೀಕ್ಷಿಸಿದರು. ಏಳು ವಾರದ ಮೇಲೆ, ಚರ್ಚಿನಲ್ಲಿ ಸ್ಮರಣೆಯ ಪೂಜೆ ಮುಗಿದು ಅದೇ ಮನೆಯಲ್ಲಿ ಊಟವಾದಾಗ, ಎಮಿಲ್‌ನ ಹೆಂಡತಿ ಲುಸಿಲ್ ವರದಿಯನ್ನು ಡೊರೀನ್ ಕೈಗಿತ್ತು, “ಬಿಡಿಸಿ ಹೇಳಿ ಅಕ್ಕ” ಎಂದಳು.

“ಗಾಡಿ ಓಡಿಸೋರಿಗೆ ಕಾನೂನು ಬಿಡೋ ಮಿತಿಯ ಎರಡರಷ್ಟು ಮದ್ಯ ಇತ್ತು.”

“ಸುಳ್ಳು!” ಕಾಸಿಮಿರ್ ಗುಡುಗಿದರು. “ಸತ್ಮೇಲೆ ರಕ್ತ ಕೆಟ್ಟು ತಾನಾಗೇ ಮದ್ಯ ಆಗುತ್ತಂತೆ.”

“ಆಗೋದುಂಟು. ಅದಕ್ಕೇ ಕಣ್ಣೊಳಗಿನ ದ್ರವಾನೂ ನೋಡ್ತಾರೆ. ಅದು ಅಷ್ಟು ಬೇಗ ಕೆಡಲ್ಲ. ಎರಡೂ ಒಂದೇ ಮಾತು ಹೇಳ್ತಿವೆ.” ಡೊರೀನ್ ವರದಿಯ ಹಾಳೆ ಮಗುಚಿದಳು. “ಹೊಟ್ಟೆಯಲ್ಲಿ, ಇನ್ನೂ ರಕ್ತಕ್ಕೆ ಸೇರದೇ ಇದ್ದ ಬ್ರಾಂದಿನೂ ಸಿಕ್ಕಿದೆ. ಅದು ನೀನು ಕೊಟ್ಟಿದ್ದಪ್ಪ. ಅದು ಅಮಲೇರೋಕೆ ಮುಂಚೆನೇ ಅವನು ಸತ್ತ.”

ಕಾಸಿಮಿರ್ ಎದ್ದು ಬಾಟಲಿ ತಂದರು. “ಎಮಿಲ್ ಹೆಸರಲ್ಲಿ” ಎಂದು ಸುರಿಯತೊಡಗಿದರು. ಕೋಟು ತೊಟ್ಟ ನೆಂಟರು ಸಾಲಾಗಿ ಕೈ ಚಾಚಿದರು. ಇಷ್ಟು ಹೇಳಿದ್ದು ಯಾರಿಗೆ ಎಂದು ಡೊರೀನ್‌ಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಲುಸಿಲ್ ತನ್ನ ಗ್ಲಾಸು ಹಿಡಿದು ಅಡುಗೆಮನೆಗೆ ನಡೆದಳು, ತೊಟ್ಟಿಗೆ ಸುರಿದಳು, ತೊಳೆದು ತಂದು ಮಾವನ ಮುಂದಿಟ್ಟಳು.

“ಮಾವ, ನನ್ನ ಮಕ್ಕಳು ಈ ಮನೆಗೆ ಬರ್ಬೇಕು ಅಂದ್ರೆ ಇದು ಇವತ್ತೇ ನಿಲ್ಬೇಕು. ಅವರು ಬೆಳೆದ್ಮೇಲೆ ಅವರ ಕೈಗೂ ನೀವು ಇದನ್ನ ಕೊಡೋದು ನಾನು ನೋಡಲಾರೆ.”

ಇಬ್ಬರು ಗ್ಲಾಸು ಕೆಳಗಿಟ್ಟರು. ಉಳಿದವರು ತಲೆ ತಗ್ಗಿಸಿ ಕುಡಿದು ಅಂಗಳಕ್ಕೆ ಇಳಿದರು. “ಗಾಡಿ ನಾನು ಓಡಿಸ್ತೀನಿ, ನಿಲ್ಲಿ!” ಎಂದು ಕೂಗುತ್ತ ಡೊರೀನ್ ಬರಿಗಾಲಲ್ಲೇ ಅವರ ಹಿಂದೆ ಹಿಮದೊಳಗೆ ಓಡಿದಳು.